ಹನ್ನೊಂದನೇ ಬೇಸಿನ ಸವೆತ

ಮಾರ್ಚ್ 3, ಸೋಮವಾರ

ಹನ್ನೊಂದನೇ ನಂಬರಿನ ಬೇಸ್ ಶೋರೂಮಿನ ಗಾಜಿನ ಕಪಾಟು ಸೇರಿದೆ. ಪಕ್ಕದಲ್ಲಿ ಚೀಟಿ: ‘1962ರ ಅಸಲಿ’. ಸುದ್ದಿ ತಂದವನು ಭಾಮೈದ. ತಂತಿ ತರಲು ಹೋಗಿದ್ದ, ಕಣ್ಣಾರೆ ನೋಡಿ ಬಂದಿದ್ದಾನೆ.

ಅದು 1962ರದ್ದಲ್ಲ. ಹೋದ ಆಗಸ್ಟಿನಲ್ಲಿ ನಮ್ಮ ಹಿಂದಿನ ಕೋಣೆಯಲ್ಲಿ ಹುಟ್ಟಿದ್ದು. ನಮ್ಮ ಕಸುಬೇ ಅದು — ಹಳೆಯ ಎಲೆಕ್ಟ್ರಿಕ್ ಬೇಸ್ ಗಿಟಾರುಗಳ ನಕಲು. ಹೊಸ ಮರ, ಹೊಸ ತಂತಿ, ಅರವತ್ತು ವರ್ಷದ ಮುಖ. ನಕಲು ಎಂದು ಹೇಳಿಯೇ ಮಾರುತ್ತೇವೆ. ಬಾಗಿಲ ಬೋರ್ಡಿನಲ್ಲೂ ಹಾಗೇ ಇದೆ.

ಭಾಮೈದನಿಗೆ ಗಾಬರಿಗಿಂತ ಹೆಮ್ಮೆ ಜಾಸ್ತಿ.

“ಭಾವ, ಒಳಗಿಟ್ಟು ಬೀಗ ಹಾಕಿದಾನೆ. ನಾನು ಮಾಡಿದ್ದಕ್ಕೆ ಬೀಗ.”

“ಸೂಟ್‌ಕೇಸ್‌ಗೆ ನಕಲು ಅಂತಾನೇ ಕೊಟ್ಟಿದ್ದಲ್ವಾ?”

“ನಾವು ಕೊಟ್ಟಿದ್ದು ಹಾಗೆ. ಅವನು ಇಟ್ಟಿರೋದು ಹೀಗೆ.”

ಸೂಟ್‌ಕೇಸ್ ಅಂದರೆ ಶೋರೂಮಿನ ಯಜಮಾನ. ಒಂದು ಕಾಲದಲ್ಲಿ ಸೂಟ್‌ಕೇಸಿನಲ್ಲಿ ಸರಕು ಹೊತ್ತು ಬೀದಿ ಸುತ್ತುತ್ತಿದ್ದ. ಈಗ ನಾವು ಮಾಡಿದ್ದರಲ್ಲಿ ಅರ್ಧಕ್ಕರ್ಧ ಅವನೇ ಕೊಳ್ಳುತ್ತಾನೆ.

ಚಿಂತೆ ಬೇಡ. ಬೇಸಿನ ಕತ್ತು ದೇಹಕ್ಕೆ ಕೂಡುವ ಗುಳಿಯಲ್ಲಿ ಪೆನ್ಸಿಲಿನಿಂದ ‘ನಕಲು’, ತಾರೀಖು, ನಂಬರ್ ಬರೆಯುತ್ತೇನೆ. ಒಂದನ್ನೂ ಬಿಟ್ಟವನಲ್ಲ. ನಾಲ್ಕು ಸ್ಕ್ರೂ ಬಿಚ್ಚಿದರೆ ಯಾರಿಗಾದರೂ ಕಾಣುತ್ತದೆ. ಹನ್ನೊಂದರಲ್ಲೂ ಬರೆದಿದೆ. ಬರೆದದ್ದಕ್ಕೆ ನಮ್ಮ ರಿಜಿಸ್ಟರಿನಲ್ಲಿ ಟಿಕ್ ಇದೆ.

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯಿಂದ ಹದಿನೇಳನೆಯದರ ಕೆಲಸ.

“ಭಾವ, ಕೈ ಕೊಡಿ.”

ನನ್ನ ಅಂಗಿಯ ಬಲ ತೋಳು ಮಡಚಿ ಮುಂಗೈಗೆಲ್ಲ ಚಾಕ್ ಪುಡಿ ಹಚ್ಚಿದ. ಹತ್ತು ನಿಮಿಷ ನಿಂತು ನುಡಿಸಿದೆ. ಪ್ರತಿ ಬೇಸಿಗೂ ಹೀಗೇ: ಪುಡಿ ಎಲ್ಲಿ ಅಂಟಿತೋ ಅಲ್ಲೇ ಸ್ಯಾಂಡ್ ಪೇಪರಿನಿಂದ ಉಜ್ಜಿ ಬಣ್ಣ ತೆಗೆಯುತ್ತಾನೆ. ಬೇರೆಯವರು ಚಿತ್ರ ನೋಡಿ ಸವೆಸುತ್ತಾರೆ, ಅದಕ್ಕೇ ಅದು ತರಚಿದ ಗಾಯದ ಹಾಗೆ ಕಾಣುತ್ತದೆ, ತನ್ನದು ಕೈ ಇಟ್ಟು ಇಟ್ಟು ಆದ ಸವೆತ — ಇದು ಅವನ ವಾದ. ಒಪ್ಪುವಂಥದ್ದೇ.

ಅಡುಗೆಮನೆಯಲ್ಲಿ ವಿನೆಗರ್ ತುಂಬಿದ ಬಾಟಲಿಯೊಳಗೆ ಸ್ಕ್ರೂಗಳು. ತುಕ್ಕು ಹಿಡಿಯಲಿ ಎಂದು ಇಟ್ಟದ್ದು. ಇವಳ ಕಣ್ಣಿಗೆ ಬಿತ್ತು.

“ಈ ಮನೆಗೆ ಹೊಸದು ಅಂತ ಏನು ತಂದ್ರೂ ನೀವಿಬ್ರೂ ಸೇರಿ ಮುದಿ ಮಾಡ್ತೀರಿ. ಮುಂದಿನ ಸರದಿ ನನ್ನದೇನೋ.”

“ನಿನಗೆ ವಿನೆಗರ್ ಬೇಕಾಗಲ್ಲ ಬಿಡಕ್ಕ,” ಎಂದ ಭಾಮೈದ. ಸೌಟು ಹಾರಿ ಬಂತು. ಬೇಸಿಗೆ ತಾಗಲಿಲ್ಲ.

ಮಧ್ಯಾಹ್ನ ಮೇಷ್ಟ್ರ ಫೋನ್. ನನಗೆ ಬೇಸ್ ಕಲಿಸಿದವರು. ಅಭ್ಯಾಸದ ನಡುವೆ ಬಿಡುವು ಸಿಕ್ಕರೆ ಪತ್ರಿಕೆ ಬಿಡಿಸುತ್ತಿದ್ದೆನೆಂದು ನನಗೆ ‘ಪೇಪರ್’ ಎಂದೇ ಹೆಸರಿಟ್ಟಿದ್ದಾರೆ.

“ಏನಯ್ಯ ಪೇಪರ್, ಇವತ್ತಿನ ಸುದ್ದಿ?”

“ನೀವೇ ಹೇಳಿ ಮೇಷ್ಟ್ರೇ.”

“ಶೋರೂಮಿಗೆ ಅರವತ್ತೆರಡರದ್ದು ಒಂದು ಬಂದಿದೆ. ನನ್ನದು ಕೊಟ್ರೆ ಅದು ಕೊಡ್ತಾನಂತೆ. ಗುರುವಾರ ನಾಲ್ಕಕ್ಕೆ ಬಾ. ನೀನು ಹೂಂ ಅಂದ್ರೆ ಹೂಂ.”

ಮೇಷ್ಟ್ರದು 1974ರ ಬೇಸ್. ಅಸಲಿ. ಹೊಸದಾಗಿ ಕೊಂಡದ್ದು, ಹೋಟೆಲಿನ ವಾದ್ಯವೃಂದದಲ್ಲಿ ಮೂವತ್ತೊಂದು ವರ್ಷ ನುಡಿಸಿದ್ದು. ಕಬ್ಬಿಣದಷ್ಟು ಭಾರ. ಎಡ ಹೆಗಲಲ್ಲಿ ಪಟ್ಟಿ ಕೂತ ಜಾಗ ತಗ್ಗಾಗಿದೆ. ಇನ್ನು ಅದನ್ನು ಹೊರಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಹನ್ನೊಂದನೆಯದು ಹಗುರ. ಆ ಮರ ಆರಿಸಿದವನು ನಾನೇ.

ಬರುತ್ತೇನೆ ಎಂದೆ.

ಮಾರ್ಚ್ 6, ಗುರುವಾರ, ಸಂಜೆ 6

ಹೋಗಿ ಬಂದೆ.

ಕಪಾಟಿನೊಳಗೆ ಹಳದಿ ದೀಪ. ಆ ಬೆಳಕಿನಲ್ಲಿ ನನಗೇ ಒಂದು ಕ್ಷಣ ಅಸಲಿ ಅನ್ನಿಸಿತು. ಸೂಟ್‌ಕೇಸ್ ಬೀಗ ತೆಗೆದು ಮೇಷ್ಟ್ರ ಹೆಗಲಿಗೆ ಹಾಕಿದ.

“ಹೆಗಲ ಮೇಲೆ ಏನೂ ಇಲ್ಲ ಅನ್ನಿಸ್ತಿದೆ ಕಣಯ್ಯ,” ಅಂದರು. ಇಪ್ಪತ್ತರ ವಯಸ್ಸಿನಲ್ಲಿ ಇಂಥದ್ದನ್ನು ಒಬ್ಬ ಹಿರಿಯ ವಾದಕ ಇವರಿಗೆ ಒಂದೇ ಒಂದು ಹಾಡಿನಷ್ಟು ಹೊತ್ತು ಕೊಟ್ಟಿದ್ದನಂತೆ. ಹಾಡು ಮುಗಿದ ಮೇಲೆ ಕೈಯಿಂದ ಬಿಡಿಸಿಕೊಳ್ಳಬೇಕಾಯಿತಂತೆ. ಹೇಳುವಾಗ ದನಿ ಬೇರೆಯೇ ಆಗಿತ್ತು.

ಸೂಟ್‌ಕೇಸ್ ಅವರನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ.

“ಹೇಗಿದೆ ಹೇಳಯ್ಯ.”

“ಚೆನ್ನಾಗಿದೆ ಮೇಷ್ಟ್ರೇ.”

ಸುಳ್ಳಲ್ಲ. ಚೆನ್ನಾಗಿಯೇ ಇದೆ.

ವಿನಿಮಯ ಮುಂದಿನ ಶನಿವಾರ, 15ಕ್ಕೆ. ಒಂಬತ್ತು ದಿನ ಇದೆ. ಅದು ನಕಲು ಎಂದು ಮನೆಗೆ ಹೋಗಿ ಫೋನಿನಲ್ಲಿ ಹೇಳೋಣ ಎಂದುಕೊಂಡು ಬಂದೆ. ಬಂದು ಒಂದು ಗಂಟೆಯಾಯಿತು. ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ಹದಿನಾಲ್ಕು ಹೆಜ್ಜೆ.

ಮಾರ್ಚ್ 7, ಶುಕ್ರವಾರ

ತಿದ್ದುಪಡಿ. ಸೋಮವಾರದ ಬರಹದಲ್ಲಿ ಹನ್ನೊಂದನೇ ಬೇಸಿನೊಳಗೆ ‘ನಕಲು’ ಎಂದು ಬರೆದಿದೆ ಎಂದಿತ್ತು. ಬರೆದಿಲ್ಲ.

ಆಗಸ್ಟಿನಲ್ಲಿ ಸೂಟ್‌ಕೇಸ್ ಒಂದೇ ಸಲಕ್ಕೆ ಐದು ಆರ್ಡರ್ ಕೊಟ್ಟ. ಹೊರಡುವಾಗ ಬಾಗಿಲಲ್ಲಿ ನಿಂತು, “ಒಂದರಲ್ಲಿ ಮಾತ್ರ ಆ ಪೆನ್ಸಿಲ್ ಗೀಚು ಬೇಡ. ನನಗೇ ಇಟ್ಕೊಳ್ಳೋಕೆ,” ಎಂದ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗಿಬಿಡುತ್ತಿತ್ತು. ರಿಜಿಸ್ಟರಿನಲ್ಲಿ ಆ ಸಾಲಷ್ಟೇ ಖಾಲಿ ಬಿಡಲು ಮನಸ್ಸಾಗದೆ ಟಿಕ್ ಹಾಕಿದೆ. ಭಾಮೈದನಿಗೆ ಗೊತ್ತಿಲ್ಲ. ದಿನಚರಿಗೂ ಹೇಳಿರಲಿಲ್ಲ.

ಪತ್ರಿಕೆಯಲ್ಲಾದರೆ ‘ಪ್ರಮಾದಕ್ಕೆ ವಿಷಾದಿಸುತ್ತೇವೆ’ ಎಂದು ಒಂದು ಸಾಲು ಹಾಕಿ ಕೈತೊಳೆದುಕೊಳ್ಳುತ್ತಾರೆ.

ಇವಳಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು.

“ಮೇಷ್ಟ್ರಿಗೆ ಹೇಳಿದ್ರಾ?”

“ಇನ್ನೂ ಇಲ್ಲ.”

“ಹೇಳಿದ್ರೆ ಸೂಟ್‌ಕೇಸ್ ನಮ್ಮ ಕೈಬಿಡ್ತಾನೆ. ನನ್ನ ತಮ್ಮ ಬೇರೆ ಕೆಲಸ ಹುಡುಕ್ಬೇಕು. ನಲವತ್ತಾಯ್ತು ಅವನಿಗೆ.”

“ಅದಕ್ಕೇ…”

“ಅದಕ್ಕೆ ಅಂತ ನನ್ನ ತಮ್ಮನ್ನ ಅಡ್ಡ ಹಿಡೀಬೇಡಿ,” ಎಂದು ಬಟ್ಟೆ ಎತ್ತಿಕೊಂಡು ಹೋದಳು.

ಮಾರ್ಚ್ 12, ಬುಧವಾರ

ನಾಲ್ಕು ದಿನ ಬರೆದಿಲ್ಲ. ಫೋನ್ ಎಷ್ಟು ಸಲ ಕೈಗೆತ್ತಿಕೊಂಡೆ ಎಂದು ಲೆಕ್ಕ ಇಡಲಿಲ್ಲ. ಹದಿನೇಳನೆಯದರ ತಂತಿ ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದೆ. “ಭಾವ, ಅದು ಸರಿಯಾಗೇ ಇತ್ತು,” ಎಂದ ಭಾಮೈದ ಮೂರನೇ ಸಲ.

ಇನ್ನು ಮೂರು ದಿನ ಇದೆ. ನಾಳೆ ಹೋಗಿ ಎದುರಿಗೇ ಹೇಳುವುದು.

ಮಾರ್ಚ್ 13, ಗುರುವಾರ, ಮಧ್ಯಾಹ್ನ

ವಿನಿಮಯ ಮುಗಿದಿದೆ. ಮಂಗಳವಾರವೇ. ಹೇಳಿದ್ದು ಖುದ್ದು ಮೇಷ್ಟ್ರು.

“ಇನ್ನೊಬ್ಬ ಗಿರಾಕಿ ಕಾಯ್ತಿದಾನೆ, ಶನಿವಾರದ ತನಕ ಇಡೋಕಾಗಲ್ಲ ಅಂದ. ನೀನು ಚೆನ್ನಾಗಿದೆ ಅಂದಿದ್ದೆಯಲ್ಲ, ಕೊಟ್ಟುಬಿಟ್ಟೆ.”

ಅವರ ಕೋಣೆಯ ಮೂಲೆಯಲ್ಲಿ 1974ರದ್ದನ್ನು ಇಡುತ್ತಿದ್ದ ಸ್ಟ್ಯಾಂಡ್ ಬರಿದಾಗಿತ್ತು. ಹನ್ನೊಂದನೆಯದು ಕಿಟಕಿಯ ಪಕ್ಕ ಮಂಚದ ಮೇಲೆ ಮಲಗಿತ್ತು, ಹಗಲು ಬೆಳಕಿನಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಅದನ್ನೆತ್ತಿ ನನ್ನ ಕೈಗೆ ಕೊಟ್ಟರು.

“ನುಡಿಸು.”

ನುಡಿಸಿದೆ.

“ಮೊಣಕೈ ಎತ್ತು.”

ಕಲಿಯುವ ಕಾಲದಲ್ಲಿ ದಿನಕ್ಕೆ ಹತ್ತು ಸಲ ಕೇಳಿದ ಮಾತು. ಎತ್ತಿದೆ.

“ಈಗ ಬಿಡು. ನಿನಗೆ ಹೇಗೆ ಬರುತ್ತೋ ಹಾಗೆ.”

ಬಿಟ್ಟೆ. ಮುಂಗೈ ಜಾರಿ ಸವೆತದ ಮೇಲೆ ಹೋಗಿ ಕೂತಿತು. ಈ ಅಂಚಿನಿಂದ ಆ ಅಂಚಿಗೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

“ನೆಟ್ಟಗೆ ಕಲಿತವರದು ಇಷ್ಟು ಕೆಳಗೆ ಸವೆಯಲ್ಲ,” ಅಂದರು. “ಅರವತ್ತೆರಡರಲ್ಲಿ ನಿನ್ನಷ್ಟು ಸೋಮಾರಿ ಇನ್ನೊಬ್ಬ ಇದ್ದನೇನೋ ಅಂತ ಎರಡು ದಿನದಿಂದ ಯೋಚಿಸ್ತಿದೀನಿ.”

ಎಲ್ಲ ಹೇಳಿದೆ. ಆಗಸ್ಟ್, ಪೆನ್ಸಿಲ್, ಟಿಕ್. ಅವರ ಬಲಗೈ ಎಡ ಹೆಗಲಿನ ತಗ್ಗನ್ನು ಒತ್ತುತ್ತಿತ್ತು.

“ಹೋದ ಗುರುವಾರ ಅಲ್ಲೇ ಯಾಕೆ ಹೇಳಲಿಲ್ಲ?”

ಬೇಸನ್ನು ಮತ್ತೆ ಮಂಚದ ಮೇಲೆ ಮಲಗಿಸಿದೆ.

“ಚೆನ್ನಾಗಿದೆ ಅಂದೆ. ತಪ್ಪು ಸುದ್ದಿ ಅಲ್ಲ ಅದು. ಪೇಪರಿನವನೇ ಕಣಯ್ಯ ನೀನು.”

ಕೂತುಕೋ ಎನ್ನಲಿಲ್ಲ. ಹೊರಡುವಾಗ ಒಂದೇ ಮಾತು: “ನನ್ನದು ನನಗೆ ಬೇಕು. ಹೊರೋಕಾಗದಿದ್ರೂ ಪರವಾಗಿಲ್ಲ. ಮೂಲೇಲಿರಲಿ.”

ಮಾರ್ಚ್ 14, ಶುಕ್ರವಾರ

ಮೇಷ್ಟ್ರದನ್ನು ವಾಪಸ್ ಕೊಡಿ ಎಂದು ಹೋಗಿ ಕೇಳಿದೆ. ಸೂಟ್‌ಕೇಸ್ ಒಪ್ಪಲಿಲ್ಲ. ಮೇಷ್ಟ್ರ ಬೇಸ್ ಆಗಲೇ ಬೇರೆ ಊರಿನವನಿಗೆ ಮಾರಾಟವಾಗಿದೆ. ಅವನು ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಬಂದು ಒಯ್ಯುತ್ತಾನೆ.

“ಮೇಷ್ಟ್ರ ಹತ್ರ ಇರೋದು ನೀವು ಮಾಡಿದ್ದು ಅನ್ನೋಕೆ ಏನಿದೆ? ಒಳಗೆ ಬರೆದಿದೆಯಾ?”

“ಬರೀಬೇಡಿ ಅಂದಿದ್ದು ನೀವೇ.”

“ನಾನೇನೂ ಅಂದ ನೆನಪಿಲ್ಲ. ನಿಮ್ಮ ಹನ್ನೊಂದರಲ್ಲಿ ಬರೆದಿದೆ ಅಂತ ನಿಮ್ಮ ರಿಜಿಸ್ಟರೇ ಹೇಳುತ್ತೆ. ಇದರಲ್ಲಿ ಇಲ್ಲ. ಅಂದ್ರೆ ಇದು ನಿಮ್ಮದಲ್ಲ. ತಪ್ಪಾಯ್ತಾ ನನ್ನ ಲೆಕ್ಕ?”

ಆ ರಿಜಿಸ್ಟರನ್ನು ಕಂಡಕಂಡವರಿಗೆಲ್ಲ ಬಿಡಿಸಿ ತೋರಿಸಿದವನು ನಾನೇ. ಈಗ ಕುತ್ತಿಗೆಗೆ ಬಂತು.

“ಹದಿನೇಳನೇದು ಯಾವಾಗ ಕಳಿಸ್ತೀರಿ?” ಎಂದು ಬಾಗಿಲ ತನಕ ಬಂದು ಬೀಳ್ಕೊಟ್ಟ.

ಮನೆಗೆ ಬಂದು ಭಾಮೈದನಿಗೆ ಹೇಳಿದೆ, ಟಿಕ್ಕಿನ ವಿಷಯವೂ ಸೇರಿ. ಸ್ಯಾಂಡ್ ಪೇಪರನ್ನು ಚಿಕ್ಕದು ಚಿಕ್ಕದಾಗಿ ಮಡಚುತ್ತಾ ಕೇಳಿಸಿಕೊಂಡ.

“ಅಂದ್ರೆ ಅವನ ಲೆಕ್ಕದಲ್ಲಿ ಅದನ್ನ ಮಾಡಿದ್ದು ನಾನೇ ಅಲ್ಲ.”

“ಈಗ ಹಾಗಾಗಿದೆ. ಇದನ್ನ ಎತ್ತಿದ್ರೆ ಅವನ ಆರ್ಡರೂ ಇರಲ್ಲ. ಯೋಚನೆ ಮಾಡು.”

ಎದ್ದು ಹೋದ. ಬಾಗಿಲು ಹಾಕಿಕೊಂಡು ಮಲಗುತ್ತಾನೆ ಎಂದುಕೊಂಡೆ. ಹದಿನೇಳನೆಯದನ್ನು ತಂದು ಮೇಜಿನ ಮೇಲಿಟ್ಟ. ಅದರ ಪಕ್ಕ ಚಾಕ್ ಪುಡಿಯ ಡಬ್ಬಿ.

“ನಾಳೆ ಶೋರೂಮಲ್ಲಿ ಇದನ್ನೂ ಹನ್ನೊಂದನೇದನ್ನೂ ಪಕ್ಕಪಕ್ಕ ಇಡೋಣ ಭಾವ. ಎರಡರಲ್ಲೂ ನಿಮ್ಮದೇ ಕೈ. ಗಿರಾಕಿಗಳ ಎದುರಿಗೇ ನಿಂತು ನುಡಿಸಿ. ಆಮೇಲೆ ಅವನ ಲೆಕ್ಕ ಕೇಳೋಣ.”

ಮಾರ್ಚ್ 15, ಶನಿವಾರ, ಬೆಳಿಗ್ಗೆ 8.40

ರಿಜಿಸ್ಟರಿನಲ್ಲಿ ಹನ್ನೊಂದರ ಟಿಕ್ ಹೊಡೆದುಹಾಕಿ, ಕಾರಣ ಬರೆದು, ಇವತ್ತಿನ ತಾರೀಖಿನ ಕೆಳಗೆ ಸಹಿ ಮಾಡಿದ್ದೇನೆ. ಹದಿನೇಳನೆಯದರ ಜೊತೆ ಅದೂ ಬ್ಯಾಗಿನಲ್ಲಿದೆ. ಸ್ಕ್ರೂಡ್ರೈವರ್ ಇದೆ, ಹನ್ನೊಂದರೊಳಗೆ ಬರೆಯಲು ಪೆನ್ಸಿಲ್ ಚೂಪು ಮಾಡಿದೆ. ಡಬ್ಬಿ ಭಾಮೈದನ ಕೈಯಲ್ಲಿದೆ, ಯಾರಿಗೂ ಕೊಡುತ್ತಿಲ್ಲ. ಇವಳು ಅರ್ಧ ತೋಳಿನ ಅಂಗಿ ಇಸ್ತ್ರಿ ಮಾಡಿಟ್ಟಿದ್ದಾಳೆ.

ಮೇಷ್ಟ್ರು ಹನ್ನೊಂದನೆಯದನ್ನು ತೆಗೆದುಕೊಂಡು ನೇರ ಅಲ್ಲಿಗೇ ಬರುತ್ತಾರೆ. ಫೋನಿನಲ್ಲಿ ಅಷ್ಟೇ ಹೇಳಿದರು. ಪೇಪರ್ ಎನ್ನಲಿಲ್ಲ.

ಕೆಳಗೆ ಗಾಡಿ ಬಂತು. ಶೋರೂಮ್ ಬಾಗಿಲು ತೆಗೆಯುವುದು ಹತ್ತಕ್ಕೆ. ಹತ್ತೂ ಐದಕ್ಕೆ ಮುಂಗೈಗೆ ಚಾಕ್ ಹಚ್ಚಿ, ಮೊಣಕೈ ಇಳಿಬಿಟ್ಟು ನುಡಿಸುವುದು.