ಅಕ್ಕನ ಕಥೆಯ ತೂಕ

ಮಾರ್ಚ್ ೧೪, ಶುಕ್ರವಾರ

ಇನ್ನೂ ಮೈ ಉರಿಯುತ್ತಿದೆ. ಅಕ್ಕನ ನರಿಕಥೆಯ ವಿಡಿಯೋದ ಲಿಂಕನ್ನು ಬೆಳಿಗ್ಗೆ ನಮ್ಮ ಮಕ್ಕಳ ಕಥೆಗಳ ಚಂದಾದಾರರಿಗೆಲ್ಲ ಇಮೇಲ್ ಮಾಡಿದ್ದೆ. ನಮ್ಮ ವಿಡಿಯೋಗಳನ್ನು ತಮ್ಮ ಸರ್ವರಿನಲ್ಲಿ ಇಟ್ಟುಕೊಂಡಿರುವ ಕಂಪನಿಯವರು ಮಧ್ಯಾಹ್ನದೊಳಗೆ ಅದಕ್ಕೆ ಬೀಗ ಜಡಿದರು. ಅಷ್ಟು ದೊಡ್ಡ ಫೈಲನ್ನು ಒಂದೇ ಸಲಕ್ಕೆ ತುಂಬಾ ಜನ ನೋಡಿದರಂತೆ! ನೋಡಲಿ ಅಂತಲೇ ಅಲ್ಲವೇ ಕಳಿಸಿದ್ದು?

ಫೈಲನ್ನು ಕುಗ್ಗಿಸಿ ಇಮೇಲಿನಲ್ಲೇ ಕಳಿಸೋಣವೆಂದು ಅಕ್ಕನಿಗೆ ತೋರಿಸಿದೆ. ಹುಟ್ಟಿನಿಂದ ಕಿವಿ ಕೇಳದ ಅವಳು ಕಥೆ ಹೇಳುವುದೇ ಕೈಸನ್ನೆಯಲ್ಲಿ; ಕುಗ್ಗಿಸಿದ ವಿಡಿಯೋದಲ್ಲಿ ಬೆರಳುಗಳೆಲ್ಲ ಕಲಸಿಹೋಗಿದ್ದವು. ಮುಖ ಸಿಂಡರಿಸಿ ಸನ್ನೆ ಮಾಡಿದಳು: "ಇದೇನೇ, ನಾನು ತೊದಲ್ತಾ ಇದೀನಿ! ಮಕ್ಕಳಿಗೆ ಇದನ್ನ ಕಳಿಸ್ಬೇಡ."

ಕಂಪನಿಗೆ ಫೋನು ಮಾಡಿದೆ. ನೋಡುವವರು ಕಿವಿ ಕೇಳದ ಮಕ್ಕಳು, ಕೈ ಸ್ಪಷ್ಟವಾಗಿ ಕಾಣಬೇಕು, ಅದಕ್ಕೇ ಫೈಲು ದೊಡ್ಡದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಆ ಪುಣ್ಯಾತ್ಮ ಎಲ್ಲ ಕೇಳಿಸಿಕೊಂಡು, "ಒಂದು ಕೆಲ್ಸ ಮಾಡಿ ಮೇಡಂ. ಚಿತ್ರ ತೆಗೆದುಹಾಕಿ, ಆಡಿಯೋ ಮಾತ್ರ ಕಳಿಸಿ. ಹಗುರ ಆಗತ್ತೆ" ಅಂದ.

ಅಕ್ಕನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಒಬ್ಬ ತಾಯಿ ಸಂಜೆಯಿಂದ ಮತ್ತೆ ಮತ್ತೆ ಬರೆಯುತ್ತಿದ್ದಾಳೆ: "ಮಗಳು ಊಟಕ್ಕೂ ಏಳ್ತಿಲ್ಲ. ಕಥೆ ದೊಡ್ಡಮ್ಮ ಎಲ್ಲಿ ಅಂತ ಕೇಳ್ತಾ ಕೂತಿದಾಳೆ."

ಈಗಷ್ಟೇ, ಅವನು ಹೇಳಿದ ಹಾಗೆಯೇ ಆಡಿಯೋ ಬೇರ್ಪಡಿಸಿ ಅವನಿಗೇ ಕಳಿಸಿದೆ. ಅದರಲ್ಲಿರುವುದು ಇಷ್ಟೇ: ಫ್ಯಾನಿನ ಸದ್ದು, ನನ್ನದೊಂದು ಕೆಮ್ಮು, ಅಕ್ಕನ ತೋಳಿನ ಬಟ್ಟೆಯ ಸರಪರ. ಹಗುರವಾಗಿಯೇ ಇದೆ. ಕೆಳಗೆ ಇಷ್ಟು ಬರೆದೆ: ಪೂರ್ತಿ ಕೇಳಿ, ಆಮೇಲೆ ಕಥೆಯಲ್ಲಿ ನರಿ ಯಾಕೆ ಅತ್ತಿತು ಅಂತ, ಊಟಕ್ಕೂ ಏಳದೆ ಕಾಯುತ್ತಿರುವ ಒಂದು ಮಗುವಿಗೆ ನೀವೇ ಹೇಳಿ.