ಅಜ್ಜಿ ಬಾರಿಸಿದ ತಪ್ಪಲೆ

ಸೇಂಟ್ ಜೆನೆವೀವ್
ಮಾರ್ಚ್ ೩, ೧೭೯೬

ನನ್ನ ಮೊಂಡು ಮಗ ಗಾಸ್ಪಾರ್,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮೊದಲು ಅದನ್ನು ಓದಿಕೊಂಡು ಉಸಿರು ಬಿಡು. ನಿನ್ನಜ್ಜಿಗೆ ಕ್ರಿಸ್‌ಮಸ್ ಹೊತ್ತಿಗೆ ಎಂಬತ್ತೊಂದು ತುಂಬಿತು. ಕಿವಿ ಇನ್ನಷ್ಟು ಮಂದವಾಗಿದೆ, ನಾಲಿಗೆ ಮಾತ್ರ ಹಾಗೇ ಇದೆ. ಕೆಂದ ಹಸು ಕರು ಹಾಕಿದೆ, ಹೆಣ್ಣು ಕರು.

ಕಾಗದ ಇಷ್ಟು ತಡವಾಯಿತೆಂದು ಮುನಿಸಿಕೊಳ್ಳಬೇಡ. ಡಿಸೆಂಬರಿನಿಂದ ಹೊಳೆಯ ತುಂಬ ಮಂಜುಗಡ್ಡೆ ತೇಲುತ್ತಿತ್ತು, ಒಂದು ದೋಣಿಯೂ ಕೆಳಗಿಳಿಯಲಿಲ್ಲ. ಅದು ನಿಜ. ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ ಎನ್ನುವುದೂ ನಿಜ. ಸೋಮವಾರ ಹಿಟ್ಟಿನ ದೋಣಿ ನ್ಯೂ ಆರ್ಲಿಯನ್ಸಿಗೆ ಹೊರಡುತ್ತದೆ. ನೀನು ಕೆಲಸ ಮಾಡುವ ಪೀಪಾಯಿ ಅಂಗಡಿ ತನಗೆ ಗೊತ್ತು, ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ ಎಂದು ದೋಣಿಯ ಯಜಮಾನ ಮಾತು ಕೊಟ್ಟಿದ್ದಾನೆ. ಆದ್ದರಿಂದ ಈ ಸಲ ಒಲೆಯ ಹತ್ತಿರ ಕೂರದೆ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಾನು ಮದುವೆಯಾದೆ. ಗಾಡಿ ಮಾಡುವ ಒನೆಸಿಮ್‌ನನ್ನು. ಜನವರಿ ಇಪ್ಪತ್ತೈದು, ಸೋಮವಾರ.

ಕಾಗದವನ್ನು ಮುದುರಿ ಬಿಸಾಡಬೇಡ, ಮುಂದೆ ಓದು. ಅವನು ಮೊದಲ ಸಲ ಮದುವೆಯ ಮಾತೆತ್ತಿದ ವಾರವೇ ನೀನು ಜಗಳವಾಡಿ ದೋಣಿ ಹತ್ತಿದೆ. ನೀನು ಬರುವವರೆಗೆ ಆ ಮಾತು ಬೇಡವೆಂದು ನಾನು ಅವನನ್ನು ಸುಮ್ಮನಾಗಿಸಿದೆ. ಎರಡು ವರ್ಷವಾಗುತ್ತ ಬಂತು. ನೀನು ಬರಲಿಲ್ಲ, ಒಂದು ಸಾಲೂ ಬರೆಯಲಿಲ್ಲ. ನನಗೆ ನಲವತ್ತೆಂಟಾಯಿತು. ನಿನ್ನಪ್ಪ ಬಾಜಿಲ್ ತೀರಿಕೊಂಡು ಎಂಟು ವರ್ಷ. ಕಳೆದ ನವೆಂಬರಿನಲ್ಲಿ ಒಂದು ಭಾನುವಾರ ಒನೆಸಿಮ್ ಟೋಪಿ ಕೈಯಲ್ಲಿ ಹಿಡಿದು ಬಂದು ನಿಂತ. "ಪೆಲಾಜಿ, ನಿನ್ನ ಬೇಲಿ ಕಟ್ಟಿದ್ದಾಯ್ತು, ಮಾಡು ಸರಿ ಮಾಡಿದ್ದಾಯ್ತು, ಬಾವಿ ರಾಟೆನೂ ಆಯ್ತು. ಮುಂದಿನ ಭಾನುವಾರ ಬರೋಕೆ ನನ್ ಹತ್ರ ನೆಪ ಉಳಿದಿಲ್ಲ" ಎಂದ. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಪ್ಪಿಕೊಂಡುಬಿಟ್ಟೆ.

ನನಗೆ ಸಂತೋಷವಾಗಿದೆ, ಗಾಸ್ಪಾರ್. ಅದನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸು ನನ್ನದಲ್ಲ. ನೀನೊಬ್ಬ ಇದನ್ನು ಒಪ್ಪಿದರೆ ನನಗೆ ಇನ್ನೇನೂ ಬೇಡ. ದೋಣಿಯವರ ಬಾಯಿಂದ ಕೇಳುವ ಮೊದಲು ನನ್ನ ಕೈಬರಹದಲ್ಲೇ ನೀನು ನೋಡಬೇಕೆಂದು ಎಲ್ಲವನ್ನೂ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ನಿನ್ನ ಹೆಸರೂ ಬರುತ್ತದೆ.

ಶಾರಿವಾರಿಯ ಬಗ್ಗೆ ನಿನಗೆ ಹೇಳಿಕೊಡಬೇಕೇ? ವಿಧವೆಯೋ ವಿಧುರನೋ ಮತ್ತೆ ಮದುವೆಯಾದರೆ ಸಾಕು, ಸಂಜೆಗೆ ತಪ್ಪಲೆ, ಬಾಣಲೆ, ಹಸುವಿನ ಗಂಟೆ ಎಲ್ಲ ಹೊತ್ತು ತಂದು, ಒಳಗಿನವರು ಬಾಗಿಲು ತೆರೆದು ಊಟಕ್ಕೆ ಕರೆಯುವವರೆಗೆ ಬಡಿದು ಬಡಿದು ಕಿವಿ ತೂತು ಮಾಡುತ್ತಿದ್ದವರ ನಾಯಕ ನೀನೇ ಅಲ್ಲವೇ? ಮುದುಕ ಪ್ಲಾಸಿಡ್ ಮೂರನೇ ಮದುವೆಯಾದಾಗ ಅವನ ಮನೆಯ ಮಾಡು ಹತ್ತಿ, ಹೊಗೆಗೂಡಿನೊಳಗೆ ಕೊಂಬು ಊದಿದವನು ನೀನು. ಆ ಮದುಮಗಳು ಒಂದು ವಾರ ನನ್ನ ಜೊತೆ ಮಾತಾಡಿರಲಿಲ್ಲ.

ಈ ಫಜೀತಿಯೇ ಬೇಡವೆಂದು ನಾವಿಬ್ಬರೂ ಒಂದು ಜಾಣತನ ಮಾಡಿದೆವು. ಬೆಳಗಿನ ಮೊದಲ ಪೂಜೆಗೇ ಹೋಗಿ, ಕೊರೆಯುವ ಚಳಿಯಲ್ಲಿ, ಇಬ್ಬರು ಸಾಕ್ಷಿಗಳನ್ನು ಇಟ್ಟುಕೊಂಡು ಮದುವೆಯಾಗಿ, ಹಿತ್ತಿಲ ದಾರಿಯಲ್ಲಿ ಮನೆಗೆ ಬಂದೆವು. ಸಂಜೆಯಾಗುತ್ತಲೇ ಬಾಗಿಲಿಗೆ ಅಗುಳಿ ಹಾಕಿ, ದೀಪ ಆರಿಸಿ, ಕದ್ದ ಮಾಲು ಬಚ್ಚಿಟ್ಟವರ ಹಾಗೆ ಕತ್ತಲಲ್ಲಿ ಕೂತೆವು. ಈಗ ಬರುತ್ತಾರೆ, ಇನ್ನೊಂದು ಗಳಿಗೆಗೆ ಬರುತ್ತಾರೆ ಎಂದು ಕಿವಿ ನಿಗುರಿಸಿದ್ದೇ ಬಂತು. ಒಂದು ನಾಯಿಯೂ ಬೊಗಳಲಿಲ್ಲ.

ಮಂಗಳವಾರವೂ ಯಾರೂ ಬರಲಿಲ್ಲ. ತಪ್ಪಿಸಿಕೊಂಡೆವೆಂದು ಒನೆಸಿಮ್ ಕೈ ಉಜ್ಜಿಕೊಂಡ. ನನಗೆ ಮಾತ್ರ ಸಮಾಧಾನವಿಲ್ಲ. ಗಂಡ ಸತ್ತು ಒಂದು ವರ್ಷ ತುಂಬುವ ಮೊದಲೇ ಮದುವೆಯಾದವರಿಗೂ ನಮ್ಮೂರು ತಪ್ಪಲೆ ಬಾರಿಸಿದೆ, ಜಗಳಗಂಟರಿಗೂ ಬಾರಿಸಿದೆ. ನನಗೇನಾಗಿದೆ? ಬುಧವಾರ ಗಿರಣಿಗೆ ಹೋದರೆ ಹೆಂಗಸರೆಲ್ಲ ದಾರಿ ಬಿಟ್ಟು ಮೊದಲು ನನ್ನ ಜೋಳ ಹಾಕಿಸಿದರು. ಒಬ್ಬಳೂ ಕೀಟಲೆ ಮಾಡಲಿಲ್ಲ. ಪಕ್ಕದ ಮನೆಯ ತೆರೇಸ್ ಅಂಥ ಬಾಯಿಬಡುಕಿಯೂ ನೆಲ ನೋಡುತ್ತ, ಹುಷಾರಾಗಿದ್ದೀರಾ ಎಂದು ವಿಚಾರಿಸಿ ಸುಮ್ಮನಾದಳು. ನಮ್ಮೂರಿನವರು ಇಷ್ಟು ಮರ್ಯಾದೆ ಕೊಡುವುದು ಶವದ ಮನೆಯಲ್ಲಿ ಮಾತ್ರ. ಹೊರಡುವಾಗ ಗಿರಣಿಯವನು ನನ್ನನ್ನು "ಬಾಜಿಲ್‌ನ ಹೆಂಡತಿ" ಎಂದೇ ಕರೆದ. ಅಂದರೆ ಊರಿನ ಲೆಕ್ಕದಲ್ಲಿ ನನ್ನ ಮದುವೆ ಆಗಿಯೇ ಇರಲಿಲ್ಲ.

ಗುರುವಾರ ಬೆಳಿಗ್ಗೆ ನಿನ್ನ ಗೆಳೆಯ ಕೊಲಾನನ್ನು ಕುದುರೆಲಾಯದ ಹತ್ತಿರ ಅಡ್ಡಗಟ್ಟಿದೆ. ನೀನು ಹೋದ ಮೇಲೆ ಈಗ ಅವನೇ ಪಟಾಲಮ್ಮಿನ ನಾಯಕ. ಏನೋ ಸಬೂಬು ಹೇಳಿ ಜಾರಿಕೊಳ್ಳಲು ನೋಡಿದ. ಅವನ ಕಿವಿ ಹಿಡಿದೆ, ಮೀಸೆ ಬಂದವನ ಕಿವಿಯನ್ನು. ಆಮೇಲೆ ಬಾಯಿ ಬಿಟ್ಟ.

"ಹುಡುಗ್ರು ಸೋಮವಾರನೇ ತಯಾರಾಗಿದ್ರು ಪೆಲಾಜಮ್ಮ. ನಾನೇ ಬೇಡ ಅಂದೆ. ಗಾಸ್ಪಾರ್ ಸಿಟ್ಟು ಮಾಡ್ಕೊಂಡು ಊರು ಬಿಟ್ಟಿದ್ದಾನೆ. ನಾವು ಹೋಗಿ ತಪ್ಪಲೆ ಬಾರ್ಸಿದ್ರೆ ಈ ಮದುವೇನ ಊರೆಲ್ಲ ಒಪ್ಕೊಂಡ ಹಾಗೆ ಆಯ್ತಲ್ಲ? ನಾಳೆ ಅವನು ಬಂದು, ನಮ್ಮಪ್ಪನ ಮನೆಯವ್ರೇ ಇನ್ನೂ ಒಪ್ಪಿಲ್ಲ, ಒಪ್ಕೊಳ್ಳೋಕೆ ನೀವ್ಯಾರು ಅಂತ ಕೇಳಿದ್ರೆ ನಾನೇನು ಹೇಳ್ಲಿ?"

ಅವನ ಕಿವಿ ಬಿಟ್ಟೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎರಡು ವರ್ಷದಿಂದ ನಿನ್ನ ಸುದ್ದಿಯಿಲ್ಲದೆ ಹೋದರೂ ನಿನ್ನ ಗೆಳೆತನವನ್ನು ಅವನು ಹೇಗೆ ಕಾಯ್ದುಕೊಂಡಿದ್ದಾನೆ ನೋಡು. ಮನೆಗೆ ಬರುವ ದಾರಿಯಲ್ಲಿ ಅತ್ತುಬಿಟ್ಟೆ. ನಿನ್ನ ಮೇಲಿನ ಸಿಟ್ಟಿಗೋ ನಿನ್ನ ನೆನಪಿಗೋ ಗೊತ್ತಿಲ್ಲ, ಎರಡೂ ಇತ್ತು.

ಸಂಜೆ ಒನೆಸಿಮ್ ಕೆಲಸ ಮುಗಿಸಿ ಬಂದಾಗ ಅವನಿಗೆ ವಿಷಯ ಹೇಳಿದೆ. ಅವನು ಎದ್ದು, ದಿಂಬು, ಕಂಬಳಿ ಸುತ್ತಿಕೊಂಡ. ತನ್ನ ಗಾಡಿ ಕೊಟ್ಟಿಗೆಯಲ್ಲಿ ಮಲಗುತ್ತಾನಂತೆ. ನೀನು ಬಂದು ಒಳಗೆ ಬಾ ಎಂದರೆ ಬರುತ್ತಾನಂತೆ, ಅದು ಎಷ್ಟು ವರ್ಷವಾದರೂ ಸರಿಯಂತೆ. "ಆ ಹುಡುಗನ್ನ ಮನೆಯಿಂದ ಆಚೆ ಹಾಕಿ ನಾನು ಒಳಗೆ ಮಲಗಲ್ಲ" ಎಂದ. ಅವನು ಕಡಿಮೆ ಮಾತಿನವನು. ಹೇಳಿದನೆಂದರೆ ಮುಗಿಯಿತು, ಅದನ್ನು ತಿರುಗಿಸುವುದು ನನ್ನಿಂದಾಗುವ ಕೆಲಸವಲ್ಲ.

ನಿನ್ನಜ್ಜಿ ಒಲೆ ಮುಂದೆ ಅವರೆ ಸುಲಿಯುತ್ತಿದ್ದರು. ದಿಂಬು ಹೊರಟಿದ್ದು ಕಂಡು ಏನೆಂದು ಕೇಳಿದರು. ಒನೆಸಿಮ್ ಅವರ ಕಿವಿಯ ಹತ್ತಿರ ಬಾಗಿ, ಕೊಲಾ ಹೇಳಿದ್ದನ್ನೆಲ್ಲ ಕೂಗಿ ಹೇಳಿದ. ಎರಡು ಸಲ ಹೇಳಿಸಿಕೊಂಡರು. ಆಮೇಲೆ ಮಡಿಲಲ್ಲಿದ್ದ ಸಿಪ್ಪೆ ಕೊಡವಿ, "ಕೂತ್ಕೊ" ಎಂದು ಅವನಿಗೆ ಹೇಳಿ, ಗೂಟದಲ್ಲಿದ್ದ ದೊಡ್ಡ ತಾಮ್ರದ ತಪ್ಪಲೆ ಇಳಿಸಿಕೊಂಡರು. ನೀರು ತರಲು ಹೊರಟರೆಂದುಕೊಂಡೆ. ಇಷ್ಟು ಹೊತ್ತಿನಲ್ಲಿ ಬೇಡ ಅತ್ತೆ, ನಾನು ತರುತ್ತೇನೆ ಎಂದು ಎದ್ದೆ. ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ಶಾಲು ಹೊದ್ದು, ಹೊರಗೆ ಹೋಗಿ, ನಮ್ಮ ಮುಖಕ್ಕೇ ಬಾಗಿಲು ಎಳೆದುಕೊಂಡರು.

ಮುಂದೆ ಏನಾಯಿತು ಅಂತೀಯಾ? ನಮ್ಮದೇ ಮನೆಯ ಮುಂದೆ, ಹೊತ್ತು ಮುಳುಗುತ್ತಿದ್ದ ಹಾಗೆ, ನಿನ್ನಜ್ಜಿ ಆ ತಪ್ಪಲೆಯ ಮೇಲೆ ಸೌಟಿನಿಂದ ಬಾರಿಸತೊಡಗಿದರು. ಒಬ್ಬರೇ. ತಮಗೆ ಸರಿಯಾಗಿ ಕೇಳಿಸುವುದಿಲ್ಲವಲ್ಲ, ಅದಕ್ಕೆ ಬೀದಿಗೆಲ್ಲ ಕೇಳಿಸುವಷ್ಟು ಜೋರಾಗಿ. "ಶಾರಿವಾರಿ! ಶಾರಿವಾರಿ!" ಎಂದು ಆ ಸಣ್ಣ ದನಿಯಲ್ಲಿ ಕೂಗು ಬೇರೆ. ಮೊದಲು ತೆರೇಸಳ ಕಿಟಕಿ ತೆರೆಯಿತು. ವಾಡಿಕೆಯ ಪ್ರಶ್ನೆ ಅವಳ ಬಾಯಿಂದ ತಾನಾಗಿಯೇ ಬಂತು, "ಯಾರಿಗೆ ಶಾರಿವಾರಿ?"

"ನನ್ ಮಗಳಿಗೆ ಕಣೇ" ಎಂದರು ನಿನ್ನಜ್ಜಿ. "ನನ್ ಮಗಳು ಮದುವೆಯಾಗಿದ್ದಾಳೆ. ಊರಲ್ಲಿ ಯಾರ ಮನೇಲೂ ಬಾಣಲೆ ಇಲ್ವಾ?"

ಗಾಸ್ಪಾರ್, ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ. ಅವರು ನನ್ನನ್ನು "ಏ ಹುಡುಗಿ" ಎಂದು ಕರೆದಿದ್ದಾರೆ, ಸಿಟ್ಟು ಬಂದಾಗ ಇನ್ನೂ ಏನೇನೋ ಕರೆದಿದ್ದಾರೆ. ಮಗಳೇ ಎಂದು ಒಂದು ದಿನವೂ ಕರೆದದ್ದಿಲ್ಲ. ನಾನು ಬಾಗಿಲ ಹಿಂದೆ ನಿಂತು ಮುಸುಮುಸು ಅತ್ತೆ. ಒನೆಸಿಮ್ ದಿಂಬನ್ನು ಎದೆಗವಚಿಕೊಂಡು ಮಗುವಿನ ಹಾಗೆ ನಿಂತಿದ್ದ.

ಆಮೇಲಿನದು ನೀನಿದ್ದಾಗ ನಡೆಯುತ್ತಿದ್ದ ಹಾಗೆಯೇ ಆಯಿತು. ತೆರೇಸ್ ಬಾಣಲೆ ತಂದಳು, ಗಿರಣಿಯವನು ಹಸುವಿನ ಗಂಟೆ ತಂದ, ಕೊಲಾ ಓಡಿ ಬಂದು ಅಜ್ಜಿಯ ಮುಂದೆ ಟೋಪಿ ತೆಗೆದು, ಅಪ್ಪಣೆಯೇ ಎಂದು ಕೇಳಿದನಂತೆ. ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಅಜ್ಜಿ ಸೌಟಿನಿಂದಲೇ ಅವನ ಭುಜಕ್ಕೆ ಒಂದು ಕೊಟ್ಟರಂತೆ. ಹುಡುಗರು ಒನೆಸಿಮ್‌ನ ಕೊಟ್ಟಿಗೆಗೆ ನುಗ್ಗಿ, ಅವನು ಮಾಡಿಟ್ಟಿದ್ದ ಹೊಸ ಗಾಡಿಯನ್ನೇ ಎಳೆದು ತಂದು ಮನೆ ಸುತ್ತ ಮೂರು ಸುತ್ತು ಓಡಿಸಿದರು. ಕಬ್ಬಿಣದ ಒಂದು ಮೊಳೆಯೂ ಇಲ್ಲದ, ಎಣ್ಣೆ ಕಾಣದ ಅವನ ಗಾಡಿಗಳ ಕಿರುಚಾಟ ನಿನಗೆ ಗೊತ್ತೇ ಇದೆ. ತಪ್ಪಲೆ ಬಾಣಲೆಗಳೆಲ್ಲ ಅದರ ಮುಂದೆ ತೆಪ್ಪಗಾದವು. ತಾನು ಮಾಡಿದ ಗಾಡಿಗೆ ತಾನೇ ಕಿವಿ ಮುಚ್ಚಿಕೊಂಡು ಒನೆಸಿಮ್ ಓಡಿ ಹೋಗಿ ಬಾಗಿಲು ತೆರೆದ.

ಊಟಕ್ಕೆ ನಾನು ಏನೂ ಮಾಡಿರಲಿಲ್ಲ, ನಾಚಿಕೆಯಿಂದ ಸಾಯುವಂತಾಯಿತು. ಆದರೆ ಬಂದವರು ಒಬ್ಬೊಬ್ಬರಾಗಿ ಬಟ್ಟೆ ಮುಚ್ಚಿದ ತಟ್ಟೆ ಹೊರತೆಗೆದರು. ಕರಿದ ಹಿಟ್ಟಿನ ಸುರುಳಿ, ಕೋಳಿ ಸಾರು, ಮೇಪಲ್ ಸಕ್ಕರೆ ಅಚ್ಚು. ಸೋಮವಾರದಿಂದಲೇ ಎಲ್ಲರ ಮನೆಯಲ್ಲೂ ಮಾಡಿಟ್ಟಿದ್ದರಂತೆ, ಕೊಲಾ ಹೂಂ ಅಂದಿರಲಿಲ್ಲ ಅಷ್ಟೇ. ನಾಲ್ಕು ದಿನದ ಸುರುಳಿಗಳು ಕಲ್ಲಿನ ಹಾಗಿದ್ದವು. ಸಾರಿನಲ್ಲಿ ಅದ್ದಿಕೊಂಡು ತಿಂದೆವು. ಸೇಂಟ್ ಲೂಯಿಯವರು ನಮ್ಮೂರನ್ನು ದರಿದ್ರದೂರು ಎಂದು ಆಡಿಕೊಳ್ಳುತ್ತಾರಲ್ಲ, ಬಂದು ನೋಡಬೇಕಿತ್ತು. ಅವರ ಊರಲ್ಲಂತೂ ರೊಟ್ಟಿಗೂ ಗತಿಯಿಲ್ಲ.

ಪಿಟೀಲು ಬಂತು. ಒನೆಸಿಮ್ ಕುಣಿದ, ಅದರ ಬಗ್ಗೆ ಹೆಚ್ಚು ಬರೆಯುವುದು ಬೇಡ, ಅವನು ನನ್ನ ಗಂಡ. ನಿನ್ನಜ್ಜಿ ದೊಡ್ಡ ಕುರ್ಚಿಯಲ್ಲಿ ಕೂತು ಎರಡು ಲೋಟ ರಮ್ ಕುಡಿದು, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಇವನು ನನ್ನ ಅಳಿಯ ಎಂದು ಒನೆಸಿಮ್‌ನನ್ನು ಪರಿಚಯ ಮಾಡಿಸಿದರು. ಮೂವತ್ತು ವರ್ಷದಿಂದ ಅವನನ್ನು ನೋಡಿದವರಿಗೆ. ಪಾದ್ರಿಗಳು ಭಾನುವಾರ ಇಂಥ ಅನಾಗರಿಕ ಗದ್ದಲವನ್ನು ಖಂಡಿಸಿ ಅರ್ಧ ಗಂಟೆ ಉಪದೇಶ ಮಾಡಿದರು. ಅವರೂ ಬಂದು ಆರು ಸುರುಳಿ ತಿಂದದ್ದನ್ನು ನಾನೇ ಎಣಿಸಿದ್ದೇನೆ.

ಈಗ ಗಿರಣಿಯಲ್ಲಿ ನನಗೆ ಯಾರೂ ದಾರಿ ಬಿಡುವುದಿಲ್ಲ. ತೆರೇಸ್ ಪ್ರತಿದಿನ ಬೇಲಿಯ ಆಚೆಯಿಂದ ಬಾಯಿಗೆ ಬಂದ ಹಾಗೆ ಕಿಚಾಯಿಸುತ್ತಾಳೆ. ಕೊಲಾಗೂ ಹುಡುಗಿ ಗೊತ್ತಾಗಿದೆ, ಈಸ್ಟರ್ ಕಳೆದ ಮೇಲೆ ಮದುವೆ. ಪಕ್ಕದಲ್ಲಿ ನಿಲ್ಲಲು ನೀನೇ ಬರಬೇಕೆಂದು ಹೇಳಿಕಳಿಸಿದ್ದಾನೆ. ನಿನ್ನ ಹಾಸಿಗೆ ಇದ್ದಲ್ಲೇ ಇದೆ. ಅದನ್ನು ಅತ್ತಿತ್ತ ಸರಿಸಲು ಒನೆಸಿಮ್ ಬಿಡುವುದಿಲ್ಲ.

ಕೆಳಗಿನ ಸೀಮೆಯ ಜ್ವರ ನಿನ್ನನ್ನು ಮುಟ್ಟದಿರಲಿ. ಹೊಟ್ಟೆ ತುಂಬ ತಿನ್ನು, ಒಳ್ಳೆಯವರ ಜೊತೆ ಇರು. ನಿನ್ನಜ್ಜಿ ನಿನ್ನ ತಲೆಯ ಮೇಲೆ ಎರಡೂ ಕೈ ಇಟ್ಟಿದ್ದೇನೆಂದು ಬರೆಯಲು ಹೇಳುತ್ತಿದ್ದಾರೆ. ನನ್ನವೂ ಅಲ್ಲೇ ಇವೆ.

ನಿನ್ನ ಅಮ್ಮ,
ಪೆಲಾಜಿ

ಮರೆತ ಮಾತು: ಮೇಲಿನದನ್ನೆಲ್ಲ ಇಬ್ಬರಿಗೂ ಓದಿ ಹೇಳಿದ್ದಾಯಿತು. ಅಜ್ಜಿಗೆ ಕೇಳಿಸಬೇಕೆಂದು ಕೂಗಿ ಓದಿದ್ದರಿಂದ ತೆರೇಸಳಿಗೂ ಕೇಳಿಸಿದೆ. ಇನ್ನು ಬರೆಯುವುದನ್ನು ಯಾರಿಗೂ ಓದಿ ಹೇಳುವುದಿಲ್ಲ. ಮರೆತದ್ದು ಎಂದೆನಲ್ಲ, ಅದೂ ಸುಳ್ಳು.

ನೀನು ಹೊರಡುವ ಹಿಂದಿನ ದಿನ ಅಂಗಳದಲ್ಲಿ ನಿಂತು ನನ್ನನ್ನು ಕೇಳಿದೆ, "ಇದು ಅಪ್ಪ ಇದ್ದಾಗ್ಲೇ ಶುರುವಾಗಿತ್ತಾ?" ಎಂದು. ನಾನು ಉತ್ತರ ಕೊಡಲಿಲ್ಲ. ಕೆನ್ನೆಗೆ ಹೊಡೆದೆ. ಗುಟ್ಟು ಸಿಕ್ಕಿಬಿತ್ತೆಂದು ಹೊಡೆದಳು ಎಂದು ನೀನು ತಿಳಿದುಕೊಂಡದ್ದು ಆಗಲೇ ನಿನ್ನ ಮುಖದಲ್ಲಿ ಕಂಡಿತು. ಕಂಡರೂ ನಾನು ಬಾಯಿ ಬಿಡಲಿಲ್ಲ. ಹೆತ್ತ ಮಗನಿಗೆ ಇದನ್ನೂ ಬಾಯಿಬಿಟ್ಟು ಹೇಳಬೇಕೇ ಎಂಬ ಜಂಬ. ದೋಣಿ ಹೊರಡುವಾಗಲೂ ದಡಕ್ಕೆ ಬರಲಿಲ್ಲ.

ನೀನು ಕಿರುಚಿ ಕೇಳಿದ್ದರಿಂದ ಅದು ಅಜ್ಜಿಯ ಕಿವಿಗೂ ಬಿದ್ದಿತ್ತಂತೆ. ಎರಡು ವರ್ಷ ಅವರು ಒಂದು ಮಾತೂ ಆಡಿರಲಿಲ್ಲ. ಶಾರಿವಾರಿಯ ಮರುದಿನ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು ಹೇಳಿದರು, "ಅವನು ಕೇಳಿದ್ದಕ್ಕೆ ನೀನು ಉತ್ತರ ಕೊಡ್ಲಿಲ್ಲ. ಬಾಜಿಲ್‌ನ ಹೆತ್ತವಳು ನಾನು. ಅದಕ್ಕೇ ನಾನೇ ಹೋಗಿ ಬಾರಿಸ್ದೆ."

ಅವರ ಉತ್ತರ ಊರಿಗೆಲ್ಲ ಕೇಳಿಸಿತು, ನಿನಗೆ ಕೇಳಿಸಲಿಲ್ಲ. ನನ್ನದನ್ನು ಈಗ ಬರೆಯುತ್ತಿದ್ದೇನೆ. ಇಲ್ಲ, ಗಾಸ್ಪಾರ್. ಶುರುವಾಗಿರಲಿಲ್ಲ. ನಿನ್ನಪ್ಪ ಇದ್ದಷ್ಟು ದಿನ ನಿನ್ನಪ್ಪ ಒಬ್ಬರೇ. ಇಷ್ಟು ಹೇಳಲು ನನಗೆ ಎರಡು ಚಳಿಗಾಲ ಬೇಕಾಯಿತು. ನಿನ್ನನ್ನು ಹೊಡೆದದ್ದು ನನ್ನ ತಪ್ಪು.