ಕಾಲು ಎಳೆದುಕೊಂಡ ಸುದ್ದಿ

ಅತ್ತಿಗೆ,

ಇವತ್ತು ಅಣ್ಣನ ಕಾಲು ಅಲ್ಲಾಡಿತು. ಅಮ್ಮ ಒದ್ದೆ ಬಟ್ಟೆಯಿಂದ ಅಂಗಾಲು ಒರೆಸುತ್ತಿದ್ದಾಗ ಅದು ಸರಕ್ಕನೆ ಹಿಂದೆ ಸರಿಯಿತು. "ನಿನ್ನ ಅತ್ತಿಗೆಗೆ ಈಗಲೇ ಬರಿಯೇ. ಇದನ್ನ ಕೇಳಿದ್ರೆ ತವರಲ್ಲಿ ಒಂದು ಗಳಿಗೆ ನಿಲ್ಲಲ್ಲ ಅವಳು," ಎಂದಳು ಅಮ್ಮ.

ಪ್ರತಿವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದನ್ನೇ ಪಾಠ ಮಾಡುವವಳು ನಾನು. ಅಣ್ಣನಿಗಾದಂತೆ ಬೆನ್ನುಹುರಿ ತುಂಡಾದರೂ ಅದರ ಕೆಳಭಾಗ ಬದುಕಿರುತ್ತದೆ. ಚರ್ಮದಿಂದ ನರ ತಂದ ಸುದ್ದಿಗೆ ಅದು ತಾನೇ ಉತ್ತರ ಕೊಟ್ಟು ಕಾಲನ್ನು ಹಿಂದಕ್ಕೆ ಎಳೆಯುತ್ತದೆ. ಮೆದುಳಿಗೆ ಏನೂ ತಿಳಿಯುವುದಿಲ್ಲ. ಅಮ್ಮನಿಗೆ ಇದನ್ನು ಹೇಳದೆ ಕಾಗದ ತೆಗೆದುಕೊಂಡೆ. ಕಳಿಸುವುದಿಲ್ಲವೆಂದು ಗೊತ್ತಿದ್ದೂ ಬರೆಯಲು ಕೂತೆ.

ಅಮ್ಮ ಅಣ್ಣನ ಕೆನ್ನೆ ಸವರಿ, "ಕಾಲು ಎಳ್ಕೊಂಡ್ಯಲ್ಲೋ, ನನ್ನಪ್ಪ," ಎಂದಳು.

ಸೂರು ನೋಡುತ್ತ ಮಲಗಿದ್ದ ಅಣ್ಣ ಕೇಳಿದ: "ಯಾವ ಕಾಲು, ಅಮ್ಮಾ?"